ಅನುಮತಿ ನನಗೊಬ್ಬನಿಗೆ ಸಿಕ್ಕರೆ ಸಾಲದು

ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸುವ ಪುಟ್ಟ ತಂತ್ರಾಂಶವೊಂದನ್ನು ಡೆಬಿಯನ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂಗೆ ಪ್ಯಾಕೇಜ್ (ಅದರಲ್ಲಿ ಸುಲಭವಾಗಿ ಸ್ಥಾಪಿಸಬಲ್ಲ ಕಟ್ಟು) ಮಾಡಿದೆ. ಬಿಲ್ಡ್, ಅಂದರೆ ಸೋರ್ಸ್ ಕೋಡಿನಿಂದ ಪ್ಯಾಕೇಜ್ ತಯಾರಿಸುವ ಕೆಲಸ, ಒಂದೇ ಸಂಜೆಗೆ ಮುಗಿಯಿತು. ಯಾವ ಕಡತ ಯಾರದು, ಯಾವ ಲೈಸೆನ್ಸಿನದು ಎಂದು ಹೇಳುವ ಕಾಪಿರೈಟ್ ಕಡತ ಬರೆಯಲು ಮಾತ್ರ ತಿಂಗಳುಗಟ್ಟಲೆ ಹಿಡಿಯಿತು.

ಸೋರ್ಸ್ ಜೊತೆ ಜಿಪಿಎಲ್ 3 ಎಂಬ ಮುಕ್ತ ತಂತ್ರಾಂಶ ಲೈಸೆನ್ಸಿನ ಪಠ್ಯವಿತ್ತು. ಎಲ್ಲ ಕಡತಗಳಿಗೂ ಅದೇ ಎಂದು ಬರೆದು ಕಳಿಸಿದೆ. ಡೆಬಿಯನ್‌ನಲ್ಲಿ ಪರಿಶೀಲಿಸಿದವರು ತಿರಸ್ಕರಿಸಿದರು, ಅವರು ಮಾಡಿದ್ದು ಸರಿಯಾಗಿಯೇ ಇತ್ತು. ಆಮೇಲೆ, ಕಡತಗಳಲ್ಲಿ ಬರೆದಿರುವ ಲೈಸೆನ್ಸನ್ನು ಹುಡುಕುವ ಲೈಸೆನ್ಸ್‌ಚೆಕ್ ಎಂಬ ಸಾಧನ ಓಡಿಸಿದರೆ, ಬೇರೆ ಯೋಜನೆಯಿಂದ ತಂದ ಒಂದು ಕಡತ 'ಜಿಪಿಎಲ್ 2 ಮಾತ್ರ' ಎನ್ನುತ್ತಿತ್ತು. ಅದನ್ನು ಜಿಪಿಎಲ್ 3ರ ಕೋಡಿನೊಂದಿಗೆ ಬೆಸೆದು ಹಂಚುವ ಹಾಗಿಲ್ಲ. ಮೂಲ ಲೇಖಕರಿಗೆ ತಿಳಿಸಿದೆ, ಆ ಭಾಗವನ್ನು ಅವರೇ ಹೊಸದಾಗಿ ಬರೆದರು.

ಧ್ವನಿ, ಚಿತ್ರಗಳ ಬಗ್ಗೆ ಲೈಸೆನ್ಸ್‌ಚೆಕ್ ಸಾಮಾನ್ಯವಾಗಿ ಏನೂ ಹೇಳಲಾರದು. ಒಂದೊಂದಾಗಿ ಮೂಲ ಹುಡುಕಿದಾಗ, ಅಕ್ಷರಗಳ ಉಚ್ಚಾರಣೆಯ ಧ್ವನಿಗಳು ಕ್ರಿಯೇಟಿವ್ ಕಾಮನ್ಸ್‌ನ ವಾಣಿಜ್ಯೇತರ ಲೈಸೆನ್ಸಿನಲ್ಲಿರುವುದು ಗೊತ್ತಾಯಿತು. ಯಾವ ಕೆಲಸಕ್ಕೆ ಬಳಸಬೇಕೆಂದು ಲೈಸೆನ್ಸ್ ನಿರ್ಬಂಧಿಸಬಾರದು ಎಂಬುದು 1997ರಲ್ಲಿ ಒಪ್ಪಿಕೊಂಡ ಡೆಬಿಯನ್ ಮುಕ್ತ ತಂತ್ರಾಂಶ ಮಾರ್ಗಸೂಚಿಯ (ಡಿಎಫ್‌ಎಸ್‌ಜಿ) ಆರನೆಯ ಅಂಶ. ಫೀಸು ಪಡೆದು ಪಾಠ ಹೇಳುವ ಟೀಚರಿಗೂ ಇದು ಸಿಗಬೇಕಲ್ಲ!

ದನಿ ಕೊಟ್ಟವರಿಗೆ ಬರೆದೆ. "ನೀವು ಧಾರಾಳವಾಗಿ ಹಾಕಿಕೊಳ್ಳಿ, ನನ್ನ ಅಭ್ಯಂತರವಿಲ್ಲ" ಎಂದರು. ಇಲ್ಲೇ ಎಡವುವವರು ಬಹಳ. ಆ ಮಾತು ನನಗೆ ಕೊಟ್ಟ ಅನುಮತಿ. ನನ್ನಿಂದ ಪಡೆದವರಿಗೂ, ಅವರಿಂದ ಮುಂದೆ ಪಡೆದವರಿಗೂ ಅದೇ ಹಕ್ಕು ದೊರೆಯಬೇಕು. ಡೆಬಿಯನ್‌ಗಷ್ಟೇ ಸೀಮಿತವಾದ ಅನುಮತಿಯನ್ನೂ ಮಾರ್ಗಸೂಚಿ ಒಪ್ಪುವುದಿಲ್ಲ. "ಯಾರಾದರೂ ನನ್ನ ದನಿಯನ್ನು ಮಾರಿಕೊಂಡರೆ?" ಎಂದು ಅವರು ಕೇಳಿದ್ದು ನ್ಯಾಯವಾದ ಆತಂಕ. "ಮಾರಬಹುದು ಮೇಡಂ. ಆದರೆ ನಿಮ್ಮ ಹೆಸರು ಹೇಳಲೇಬೇಕು. ಬದಲಾಯಿಸಿ ಹಂಚಿದರೆ ಅದೂ ಇದೇ ಲೈಸೆನ್ಸಿನಲ್ಲಿರಬೇಕು" ಎಂದು, ಕ್ರಿಯೇಟಿವ್ ಕಾಮನ್ಸ್‌ನದೇ ಇನ್ನೊಂದು ಲೈಸೆನ್ಸಾದ ಸಿಸಿ ಬೈ-ಎಸ್‌ಎ 4.0 ಬಗ್ಗೆ ನಾನು ವಿವರಿಸಿದೆ. ಮೂರನೆಯ ಪತ್ರಕ್ಕೆ ಒಪ್ಪಿದರು. ಒಪ್ಪಿಗೆ ನನ್ನ ಇನ್‌ಬಾಕ್ಸಿನಲ್ಲಿದ್ದರೆ ಯಾರಿಗೂ ಕಾಣದು. ಮೂಲ ರೆಪಾಸಿಟರಿಯಲ್ಲೇ (ಎಲ್ಲರಿಗೂ ಕಾಣುವ ಕಡತಗಳ ಸಂಗ್ರಹದಲ್ಲೇ) ಲೈಸೆನ್ಸ್ ಕಡತ ಸೇರಿಸಿ ಎಂದು ಕೇಳಿಕೊಂಡೆ, ಸೇರಿಸಿದರು.

ಉಳಿದದ್ದು ಸುಲಭ. ಒಂದೇ ಸಾಲಿಗೆ ಹಿಂಡಿದ್ದ ಜಾವಾಸ್ಕ್ರಿಪ್ಟ್ ಕೋಡು ಎಂಐಟಿ ಎಂಬ ಮುಕ್ತ ಲೈಸೆನ್ಸಿನದೇ ಆದರೂ ತಿದ್ದಬಲ್ಲ ಸೋರ್ಸ್ ಜೊತೆಗಿರಲಿಲ್ಲ. ಅದನ್ನು ತೆಗೆದು, ಡೆಬಿಯನ್‌ನಲ್ಲಿ ಮೊದಲೇ ಇದ್ದ ಪ್ಯಾಕೇಜನ್ನು ಬಳಸಿದೆ. ಒಳಗೆ ತುರುಕಿದ್ದ ಲೋಹಿತ್ ಕನ್ನಡ ಫಾಂಟಿಗೂ ಅದೇ ಉಪಾಯ. ಹೀಗೆ ಮಾರ್ಗಸೂಚಿಗೆ ತಕ್ಕಂತೆ ಸೋರ್ಸ್ ಕಟ್ಟನ್ನು ಮತ್ತೆ ಕಟ್ಟಿದ್ದರಿಂದ, ಅದರ ಗುರುತಾಗಿ ಆವೃತ್ತಿಯ ತುದಿಗೆ '+ಡಿಎಫ್‌ಎಸ್‌ಜಿ' ಸೇರಿತು.

ಎರಡನೆಯ ಸಲ ಪ್ಯಾಕೇಜ್ ಒಳಗೆ ಹೋಯಿತು. ಈಗ ಹೊಸ ಆವೃತ್ತಿ ಬಂದಾಗಲೆಲ್ಲ, ಬಿಲ್ಡ್‌ಗೂ ಮೊದಲು ಹಳೆಯದರೊಂದಿಗೆ ಹೋಲಿಸಿ, ಹೊಸದಾಗಿ ಬಂದ ಕಡತಗಳು ಯಾರವು ಎಂದು ನೋಡುತ್ತೇನೆ.