ಜೋರು ಮಳೆ, ಜೋರು ಜ್ವರ: ಅರೆಬರೆ ಇಂಗ್ಲಿಷನ್ನು ತಿದ್ದಿಕೊಳ್ಳುವ ಬಗೆ

ಮಳೆ ಜೋರು, ಗಾಳಿ ಜೋರು, ಮಗುವಿಗೆ ಜ್ವರವೂ ಜೋರು. ಕುಮಟಾದಲ್ಲಿ ಆಷಾಢದ ಒಂದು ದಿನವನ್ನು ಹೇಳಿ ಮುಗಿಸಲು ನಮಗೆ ಒಂದೇ ಮಾತು ಸಾಕು. ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’, ಜ್ವರ ‘ಹೈ’, ದನಿ ‘ಲೌಡ್’. ‘ಸ್ಟ್ರಾಂಗ್ ರೇನ್’ ಎಂದರೆ ಅರ್ಥವೇನೋ ಆಗುತ್ತದೆ, ಕಿವಿಗೆ ಮಾತ್ರ ಹಿಡಿಸುವುದಿಲ್ಲ. ಓದಿದರೆ ತಿಳಿಯುತ್ತದೆ, ಬರೆಯಲು ಕೂತರೆ ತಡವರಿಸುತ್ತದೆ ಎನ್ನುವವರ ತೊಡಕು ಹೆಚ್ಚಾಗಿ ಇದೇ: ಪದ ಗೊತ್ತು, ಅದರ ಜೋಡಿ ಗೊತ್ತಿಲ್ಲ.

ಆದ್ದರಿಂದ ಪದವನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ. ರಟ್ಟಿನ ಚೀಟಿಯ ಒಂದು ಬದಿಗೆ ಚಿಕ್ಕ ಕನ್ನಡ ವಾಕ್ಯ, ಹಿಂಬದಿಗೆ ಅದರ ಇಂಗ್ಲಿಷ್. ಕನ್ನಡ ನೋಡಿ ಇಂಗ್ಲಿಷ್ ಹೇಳಬೇಕು. ಇಂಗ್ಲಿಷ್ ನೋಡಿ ಕನ್ನಡ ಹೇಳುತ್ತ ಹೋದರೆ ಪದ ಗುರುತು ಹಿಡಿಯಲು ಬರುತ್ತದೆಯೇ ಹೊರತು ಬಾಯಿಗೆ ಬರುವುದಿಲ್ಲ. ದಿನಕ್ಕೆ 5 ಹೊಸ ಚೀಟಿ. ಬರೆದ 1, 3, 7 ಮತ್ತು 21 ದಿನಗಳ ನಂತರ ತಿರುವಿ ನೋಡಿ. ತಪ್ಪಿದ ಚೀಟಿ ಮತ್ತೆ ಮೊದಲಿನಿಂದ. ಉಮೇದಿನಲ್ಲಿ ದಿನಕ್ಕೆ 20 ಬರೆದರೆ ಮೂರು ವಾರದ ಹೊತ್ತಿಗೆ ನಿತ್ಯ 80 ಹಳೇ ಚೀಟಿ ತಿರುವಬೇಕಾಗುತ್ತದೆ. ಅಲ್ಲಿಗೆ ಕೈಬಿಟ್ಟಂತೆಯೇ.

ವ್ಯಾಕರಣದಲ್ಲೂ ಎಡವುವುದು ಕನ್ನಡ ಮತ್ತು ಇಂಗ್ಲಿಷ್ ಬೇರೆಯಾಗುವ ಕಡೆಯೇ. ‘ಎರಡು ವರ್ಷದಿಂದ ಶಿರಸಿಯಲ್ಲಿ ಇದ್ದೇನೆ’ ಎಂಬುದು ‘ಐ ಆ್ಯಮ್ ಇನ್ ಸಿರ್ಸಿ ಸಿನ್ಸ್ ಟೂ ಇಯರ್ಸ್’ ಆಗಿಬಿಡುತ್ತದೆ. ಇದರಲ್ಲಿ ತಪ್ಪು ಎರಡು. ‘ಇದ್ದೇನೆ’ ನಮಗೆ ವರ್ತಮಾನ; ಆದರೆ ಹಿಂದೆ ಶುರುವಾಗಿ ಈಗಲೂ ನಡೆದಿರುವುದಕ್ಕೆ ಇಂಗ್ಲಿಷ್ ‘ಹ್ಯಾವ್ ಬೀನ್’ ಕೇಳುತ್ತದೆ. ಇನ್ನೊಂದು, ನಮ್ಮ ‘ಇಂದ’ ಎರಡು ಕೆಲಸ ಮಾಡುತ್ತದೆ. ಎಷ್ಟು ಕಾಲ ಎಂಬ ಲೆಕ್ಕವಿದ್ದರೆ ‘ಫಾರ್ ಟೂ ಇಯರ್ಸ್’, ಶುರುವಾದ ಹೊತ್ತಿದ್ದರೆ ‘ಸಿನ್ಸ್ ಜೂನ್’. ‘ನಿನ್ನೆಯೇ ಹೇಳಿದ್ದೇನೆ’ ಎಂಬಲ್ಲಿ ಇದರ ತಿರುಗಾಮುರುಗಾ: ‘ಯೆಸ್ಟರ್ಡೇ’ ಬಂದಲ್ಲಿ ‘ಹ್ಯಾವ್’ ಕೂರುವುದಿಲ್ಲ, ‘ಐ ಟೋಲ್ಡ್ ಹಿಮ್ ಯೆಸ್ಟರ್ಡೇ’ ಅಷ್ಟೇ. ‘ಬಗ್ಗೆ ಚರ್ಚಿಸಿದೆವು’ ಎಂಬುದರಿಂದ ಹುಟ್ಟುವ ‘ಡಿಸ್ಕಸ್ ಅಬೌಟ್’ ಕೂಡ ಇದೇ ಜಾತಿಯದು. ಆ ‘ಅಬೌಟ್’ ಬೇಡ.

ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ: ನೀವು ಬರೆದದ್ದು, ಸರಿಯಾದದ್ದು, ದಾರಿ ತಪ್ಪಿಸಿದ ಕನ್ನಡ ಮಾತು. ಮೂರನೆಯದನ್ನೇ ಎಲ್ಲರೂ ಖಾಲಿ ಬಿಡುವುದು, ಕೆಲಸಕ್ಕೆ ಬರುವುದೂ ಅದೇ.

ತಿದ್ದುವವರು ಯಾರೂ ಇಲ್ಲದಿದ್ದರೆ ಹವಾಮಾನ ಇಲಾಖೆಯ ಇಂಗ್ಲಿಷ್ ಮುನ್ಸೂಚನೆ ಹಿಡಿಯಿರಿ. ಮಳೆಗಾಲದಲ್ಲಿ ಹೇಗೂ ನೋಡುತ್ತೀರಿ. ನಾಲ್ಕು ಸಾಲನ್ನು ಕನ್ನಡಕ್ಕೆ ತನ್ನಿ, ಮೂಲ ಮುಚ್ಚಿಡಿ, ಮರುದಿನ ನಿಮ್ಮ ಕನ್ನಡದಿಂದ ಮತ್ತೆ ಇಂಗ್ಲಿಷಿಗೆ ಒಯ್ಯಿರಿ, ಆಮೇಲೆ ಹೋಲಿಸಿ. ‘ಫಿಶರ್‌ಮೆನ್ ಆರ್ ಅಡ್ವೈಸ್ಡ್ ನಾಟ್ ಟು ವೆಂಚರ್ ಇಂಟು ದ ಸೀ’ ಎಂಬಲ್ಲಿ ನೀವು ‘ಶುಡ್ ನಾಟ್ ಗೋ’ ಎಂದು ಬರೆದಿದ್ದರೆ ವ್ಯಾಕರಣ ತಪ್ಪಿಲ್ಲ. ‘ಸೂಚಿಸಲಾಗಿದೆ’ ಎಂಬ ಸರಕಾರಿ ಧಾಟಿ ತಪ್ಪಿದೆ. ಅಂದಹಾಗೆ, ಅಲ್ಲಿ ‘ಹೆವಿ’ ಬಾಯಿಮಾತಲ್ಲ, ಅಳತೆ: 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಅದನ್ನು ದಾಟಿ 204.4ರವರೆಗೆ ‘ವೆರಿ ಹೆವಿ’.

ಇಂಗ್ಲಿಷಿನ ‘ದ’ (the) ಎಲ್ಲಿ ಹಾಕಬೇಕು ಎಂಬುದಕ್ಕೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ನಕಾಶೆಯೇ ಪಾಠ. ನದಿ, ಸಮುದ್ರ, ಪರ್ವತಶ್ರೇಣಿಗೆ ‘ದ’ ಬೇಕು: ದ ಕಾಳಿ, ದ ಅಘನಾಶಿನಿ, ದ ಅರೇಬಿಯನ್ ಸೀ, ದ ವೆಸ್ಟರ್ನ್ ಘಾಟ್ಸ್. ಊರು, ಬೀಚು, ಜಲಪಾತ, ಒಂಟಿ ದ್ವೀಪಕ್ಕೆ ಬೇಡ: ಕಾರವಾರ, ಓಂ ಬೀಚ್, ಜೋಗ್ ಫಾಲ್ಸ್, ನೇತ್ರಾಣಿ ಐಲೆಂಡ್. ಸದಾಶಿವಗಡದಿಂದ ಹೊನ್ನಾವರ ದಾಟಿ ಕಾಸರಕೋಡಿನವರೆಗಿನ ಬಸ್ ಪ್ರಯಾಣವನ್ನು ಎಂಟು ವಾಕ್ಯದಲ್ಲಿ ಬರೆಯಿರಿ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನಾಲ್ಕೂ ನದಿ ಸಿಗುತ್ತವೆ.

ಅಭ್ಯಾಸ ಪುಸ್ತಕದ ‘ಬಿಟ್ಟ ಸ್ಥಳ ತುಂಬಿರಿ’ಯನ್ನು ಅಷ್ಟಾಗಿ ನಂಬಬೇಡಿ. ‘ಸಿನ್ಸ್, ಫಾರ್’ ಎಂದು ಪಾಠದ ತಲೆಬರಹವೇ ಉತ್ತರ ಹೇಳಿಕೊಟ್ಟಿರುತ್ತದೆ, ಹತ್ತಕ್ಕೆ ಹತ್ತು ಬರುತ್ತದೆ. ಒಂದು ವಾರ ಬಿಟ್ಟು ಮೂರು ಪಾಠಗಳಿಂದ ನಾಲ್ಕು ನಾಲ್ಕು ಪ್ರಶ್ನೆ ಆರಿಸಿ, ಕಲಸಿ, ತಲೆಬರಹವಿಲ್ಲದೆ ಬಿಡಿಸಿ. ಆಗ ಹನ್ನೆರಡಕ್ಕೆ ಏಳು ಬಂದರೆ ಆ ಏಳೇ ನಿಮ್ಮ ನಿಜವಾದ ಅಂಕ. ಉಳಿದ ಐದು ಮೂರು ಕಾಲಂ ನೋಟ್‌ಬುಕ್ಕಿಗೆ.