ಮ್ಯಾಲಕ್ ಬಿಟ್ಟ ತೂಕದ ಡಬ್ಬಿ: ನನ್ನ ಅನುಭವ

ಕಲಬುರಗಿಯ ಕಪನೂರಿನ ದಾಲ್ ಮಿಲ್‌ಗಳಲ್ಲಿ, ಜೇವರ್ಗಿ, ಚಿತ್ತಾಪುರ ಕಡೆಯ ವೇ ಬ್ರಿಡ್ಜ್‌ಗಳಲ್ಲಿ ಕೂರಿಸಿದ ನಮ್ಮ ಡಬ್ಬಿಗಳು, ಅಂದರೆ ಲಾರಿಯ ತೂಕವನ್ನು ಮೋಡೆಮ್ ಮೂಲಕ ಸರ್ವರ್‌ಗೆ ಕಳಿಸುವ ಪುಟ್ಟ ಯಂತ್ರಗಳು, ಈ ಸಲ ತೊಗರಿ ಸೀಸನ್ ಪೂರ್ತಿ ರೀಸೆಟ್ ಇಲ್ಲದೆ ಓಡಿವೆ. ಪ್ರೋಗ್ರಾಂ ಕೇಳಿದಾಗ ಮೆಮೊರಿಯ ತುಂಡು ಕೊಡುವ ಮ್ಯಾಲಕ್ (malloc) ಬಿಟ್ಟು ಈ ಸಣ್ಣ ಚಿಪ್‌ನಲ್ಲೇ ನಡೆಸುತ್ತೇನೆ ಎಂದಾಗ ‘ಇದು ಆಗದ ಮಾತು, ದೊಡ್ಡ ಚಿಪ್ ಹಾಕು’ ಎಂದವರೇ ಈಗ ಕೋಡ್ ಕೇಳುತ್ತಿದ್ದಾರೆ.

ಚಿಪ್ ಎಸ್‌ಟಿಎಂ32ಎಫ್103ಸಿ8, ರ್ಯಾಮ್ 20 ಕೆಬಿ. ಹೀಪ್‌ಗೆ, ಅಂದರೆ ಮ್ಯಾಲಕ್ ತುಂಡು ಕೊಡುವ ಜಾಗಕ್ಕೆ, ಉಳಿಯುವುದು ಹತ್ತು ಕೆಬಿ ಆಸುಪಾಸು. ಲಾರಿಯೊಂದರ ದಾಖಲೆ ನೂರು ಬೈಟ್‌ನಷ್ಟು. ಸರ್ವರ್ ‘ಸಿಕ್ಕಿತು’ ಎನ್ನುವವರೆಗೆ ಅದು ಸಾಲಿನಲ್ಲಿ ಕಾಯಬೇಕು. ಉತ್ತರಗಳು ಹಿಂದುಮುಂದಾಗಿ ಬರುತ್ತವೆ, ಫ್ರೀ (ಪಡೆದ ತುಂಡನ್ನು ಹಿಂತಿರುಗಿಸುವುದು) ಕೂಡ ಹಾಗೆಯೇ ಆಗುತ್ತದೆ. ವಾರ ದಾಟಿದ ಮೇಲೆ ಒಟ್ಟು 6 ಕೆಬಿ ಖಾಲಿ ಇದ್ದರೂ ಮೋಡೆಮ್‌ನ 512 ಬೈಟ್ ಬಫರ್‌ಗೆ ಮ್ಯಾಲಕ್ ನಲ್, ಅಂದರೆ ‘ಜಾಗವಿಲ್ಲ’ ಎಂಬ ಉತ್ತರ, ಕೊಡುತ್ತಿತ್ತು. ಹಿಂತಿರುಗಿಸಲು ಮರೆತ ತುಂಡು (ಲೀಕ್) ಒಂದೂ ಇರಲಿಲ್ಲ, ಜಾಗ ಚೂರುಚೂರಾಗಿತ್ತು. ತುಂಡಿನ ಅಳತೆ ಬದಲಿಸುವ ರಿಅಲಾಕ್‌ನಿಂದ ಇನ್ನೂ ಕೆಟ್ಟಿತು: ಇದ್ದಲ್ಲೇ ಹಿಗ್ಗಲಾಗದಿದ್ದರೆ ಹಳೆಯ ತುಂಡು, ಹೊಸ ತುಂಡು ಎರಡೂ ಒಮ್ಮೆಗೇ ಬೇಕು.

ರಾತ್ರಿ ರೀಸ್ಟಾರ್ಟ್ ಮಾಡಿಸುವ ಉಪಾಯ ಸೋತಿತು. ಸೀಸನ್‌ನಲ್ಲಿ ಮಧ್ಯರಾತ್ರಿಯೂ ತೂಕ ನಡೆಯುತ್ತದೆ, ಹೋಗದೆ ಉಳಿದ ದಾಖಲೆಗಳು ಅಳಿಯುತ್ತವೆ. ದೊಡ್ಡ ಚಿಪ್ ಹಾಕೋಣವೆಂದರೆ, ಅದೇ ಸರಣಿಯ 64 ಕೆಬಿ ರ್ಯಾಮ್‌ನ ಆರ್‌ಇ ಚಿಪ್‌ಗೆ 64 ಕಾಲು (ಪಿನ್), ನಮ್ಮದಕ್ಕೆ 48. ಬೋರ್ಡ್ ಹೊಸದಾಗಿ ಮಾಡಿಸಲು ಇಪ್ಪತ್ತು ಇಪ್ಪತ್ತೈದು ಸಾವಿರ, ಮೇಲೆ ಡಬ್ಬಿಗೆ ಮುನ್ನೂರು ನಾನೂರು ರೂಪಾಯಿ. ಅಷ್ಟು ಸುರಿದರೂ ಒಂದು ವಾರದ ಕಾಯಿಲೆ ಒಂದು ತಿಂಗಳಿಗೆ ಮುಂದೆ ಹೋಗುತ್ತದೆ ಅಷ್ಟೇ.

ಕೈಹಿಡಿದದ್ದು ನಿಗದಿತ ಅಳತೆಯ ಪೂಲ್, ಅಂದರೆ ಒಂದೇ ಅಳತೆಯ ತುಂಡುಗಳನ್ನು ಮೊದಲೇ ಕತ್ತರಿಸಿಟ್ಟ ಗುಂಪು. ಮೊದಲು, ಕೋಡಿನ ಭಾಗಗಳನ್ನು ಜೋಡಿಸುವ ಲಿಂಕರ್‌ನ ರ್ಯಾಪ್ ಆಯ್ಕೆಯಿಂದ (ಕರೆಯನ್ನು ನಾವು ಬರೆದ ಫಂಕ್ಷನ್‌ಗೆ ತಿರುಗಿಸುವುದು) ನಮ್ಮ ಕೋಡ್‌ನ ಪ್ರತಿ ಮ್ಯಾಲಕ್ ಕರೆಯನ್ನೂ ಹಿಡಿದು, ಎಷ್ಟು ಬೈಟ್ ಕೇಳುತ್ತದೆ ಎಂದು ಎಣಿಸಿದೆ. ಬಹುಪಾಲು 28ರ ಒಳಗೆ, ಇಲ್ಲವೇ 90ರಿಂದ 120. ಅದರ ಮೇಲೆ ಮೂರು ಗುಂಪು: 32 ಬೈಟ್‌ನ 64 ತುಂಡು, 128ರ 32, 544ರ 4. ಒಟ್ಟು 8,320 ಬೈಟ್, ಮೊದಲೇ ಜಾಗ ಕಾದಿರಿಸಿದ ಸ್ಟ್ಯಾಟಿಕ್ ಅರೇ, ನಾಲ್ಕರ ಅಲೈನ್‌ಮೆಂಟ್ (ವಿಳಾಸ ನಾಲ್ಕರಿಂದ ಭಾಗವಾಗಬೇಕು). ಖಾಲಿ ತುಂಡಿನ ಮೊದಲ ನಾಲ್ಕು ಬೈಟ್‌ನಲ್ಲೇ ಮುಂದಿನ ಖಾಲಿ ತುಂಡಿನ ವಿಳಾಸ, ಹಾಗಾಗಿ ಪ್ರತಿ ತುಂಡಿಗೆ ಲೆಕ್ಕ ಬರೆಯುವ ಹೆಡರ್ ಬೇಕಿಲ್ಲ. ತೆಗೆಯುವಾಗಲೂ ಸೇರಿಸುವಾಗಲೂ ಇಂಟರಪ್ಟ್ (ಹಾರ್ಡ್‌ವೇರ್ ನಡುವೆ ಬಂದು ಕೆಲಸ ತಡೆಯುವ ಕರೆ) ನಿಲ್ಲಿಸಿ. ಕೆಲವೇ ಇನ್‌ಸ್ಟ್ರಕ್ಷನ್ ಕೆಲಸ, ಸೀರಿಯಲ್ ಪೋರ್ಟ್ ಆದ ಯುಆರ್ಟ್‌ನ ಬೈಟ್ ತಪ್ಪುವುದಿಲ್ಲ.

40 ಬೈಟ್ ಕೇಳಿದವನಿಗೆ 128 ಕೊಡುವುದು ದಂಡ ಎಂಬುದು ಗೆಳೆಯರ ತಕರಾರು. ನಡುವೆ 64ರ ಗುಂಪು ಹಾಕಿಯೂ ನೋಡಿದೆ. ಅದು ಹೆಚ್ಚುಕಡಿಮೆ ಖಾಲಿಯೇ ಇತ್ತು, ಕಿತ್ತುಹಾಕಿದೆ.

ಫ್ರೀ ಮಾಡುವಾಗ ಎರಡು ತಪಾಸಣೆ ಬಿಡಬೇಡಿ. ವಿಳಾಸದಿಂದ ಗುಂಪಿನ ಆರಂಭ ಕಳೆದು ತುಂಡಿನ ಅಳತೆಯಿಂದ ಭಾಗಿಸಿದರೆ ಶೇಷ ಸೊನ್ನೆ ಬರಬೇಕು. ನೂರು ತುಂಡಿಗೆ ನೂರು ಬಿಟ್, ಅಂದರೆ ಯಾವ ತುಂಡು ಬಳಕೆಯಲ್ಲಿದೆ ಎಂದು ಗುರುತಿಸುವ 13 ಬೈಟ್‌ನ ಬಿಟ್‌ಮ್ಯಾಪ್ ಇಟ್ಟರೆ, ಒಂದೇ ತುಂಡನ್ನು ಎರಡು ಸಲ ಬಿಡುವ ಡಬಲ್ ಫ್ರೀ ಅಲ್ಲೇ ಸಿಕ್ಕಿಬೀಳುತ್ತದೆ. ಬಿಟ್ಟ ತುಂಡಿನ ಐದನೇ ಬೈಟ್‌ನಿಂದ ಕೊನೆಯವರೆಗೆ ಹೆಕ್ಸ್ ಎ5 ಎಂಬ ಗುರುತಿನ ಬೈಟ್ ತುಂಬಿ, ಮತ್ತೆ ಕೊಡುವಾಗ ಅದು ಹಾಗೇ ಇದೆಯೇ ನೋಡಿ. ತಡವಾಗಿ ಬಂದ ಮೋಡೆಮ್ ಟೈಮರ್ ಸತ್ತ ದಾಖಲೆಯೊಳಗೆ ಬರೆಯುತ್ತಿದ್ದದ್ದು ಇದರಿಂದಲೇ ಗೊತ್ತಾಯಿತು.

ಮ್ಯಾಲಕ್ ಕಳ್ಳದಾರಿಯಲ್ಲೂ ಬರುತ್ತದೆ. ಸಿ ಭಾಷೆಯ ಲೈಬ್ರರಿ ನ್ಯೂಲಿಬ್‌ನ ಪ್ರಿಂಟ್‌ಎಫ್ (ಮುದ್ರಿಸುವ ಫಂಕ್ಷನ್) ಮೊದಲ ಕರೆಯಲ್ಲೇ ಬಫರ್‌ಗೆ ಹೀಪ್ ಹಿಡಿಯುತ್ತದೆ. ಫ್ಲೋಟ್ (ದಶಮಾಂಶ ಸಂಖ್ಯೆ) ಮುದ್ರಿಸಲೂ ಒಳಗೆ ಹೀಪ್ ಬೇಕು. ತೂಕವನ್ನು ಕಿಲೋದ ಪೂರ್ಣಾಂಕದಲ್ಲೇ ಇಟ್ಟು, ಕ್ವಿಂಟಲ್‌ನ ಚುಕ್ಕಿಯನ್ನು ಕೈಯಿಂದ ಸೇರಿಸಿದೆ. ರ್ಯಾಪ್ ಮಾಡಿದ ಮ್ಯಾಲಕ್‌ಗೆ ಈಗ ದೇಹವೇ ಇಲ್ಲ, ನಮ್ಮ ಕೋಡ್‌ನಲ್ಲಿ ಯಾರು ಕರೆದರೂ ಲಿಂಕ್ ಆಗುವುದಿಲ್ಲ; ನ್ಯೂಲಿಬ್ ಒಳಗಿನಿಂದ ಕರೆಯುವುದು _malloc_r ಆದ್ದರಿಂದ ಅದನ್ನೂ ಹೀಗೆಯೇ ರ್ಯಾಪ್ ಮಾಡಬೇಕು.

ಲಿನಕ್ಸ್‌ನಲ್ಲಿ ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಹಾಕಿ ಇದೇ ಕೋಡ್ ಓಡಿಸುವವರು ಗಮನಿಸಿ: ಪೂಲ್‌ನ ಒಳಗಿನ ತುಂಡುಗಳು ಅದಕ್ಕೆ ಕಾಣುವುದಿಲ್ಲ. ಬಿಟ್ಟ ತುಂಡನ್ನು ಅದರ ಪಾಯ್ಸನ್ ಮ್ಯಾಕ್ರೊದಿಂದ ‘ಮುಟ್ಟಬಾರದ್ದು’ ಎಂದು ನೀವೇ ಗುರುತು ಹಾಕಬೇಕು, ಇಲ್ಲದಿದ್ದರೆ ಎಲ್ಲ ಸರಿಯಿದೆ ಎಂದೇ ಹೇಳುತ್ತದೆ.

ಸೀಸನ್‌ನ ಭರಾಟೆಯಲ್ಲೂ 128ರ ಗುಂಪು ಇಪ್ಪತ್ತೈದರ ಆಚೀಚೆಗೆ ನಿಂತಿತು. ನೆಟ್‌ವರ್ಕ್ ಅರ್ಧ ದಿನ ಸತ್ತ ಕಡೆ ಮಾತ್ರ 32ಕ್ಕೆ 32 ತುಂಬಿತು; ಆಗ ಹಳೆಯ ದಾಖಲೆ ಕರೆಂಟ್ ಹೋದರೂ ಅಳಿಯದ ಫ್ಲ್ಯಾಶ್ ಮೆಮೊರಿಗೆ ಇಳಿಯುತ್ತದೆ. ಕರೆಂಟ್ ಹೋಗುವ ಗಳಿಗೆಯಲ್ಲಿ ಅದನ್ನು ಹೇಗೆ ಇಳಿಸುತ್ತೇನೆ ಎಂಬುದು ನಮ್ಮ ಹೊಟ್ಟೆಪಾಡಿನ ಗುಟ್ಟು, ಅದನ್ನು ಇಲ್ಲಿ ಬಿಚ್ಚುವುದಿಲ್ಲ.