ನೆಗೆಟಿವ್ ಬಂದ ಕೋತಿಯ ಮೇಲೇ ನನಗೆ ಅನುಮಾನ ಜಾಸ್ತಿ

ನಾನು ಪಶುವೈದ್ಯ. ಓದಿದ್ದು ಹೆಬ್ಬಾಳದಲ್ಲಿ, ಈಗ ಕೆಲಸ ಅಮೆರಿಕದ ಒಂದು ಸಂಶೋಧನಾ ಕೇಂದ್ರದ ಕೋತಿಗಳ ಜೊತೆ. ಕೋತಿಗಳ ವೈರಸ್ ಅಂದ ಕೂಡಲೇ ಊರಲ್ಲಿ ಎಲ್ಲರೂ ಕೇಳುವುದು ಒಂದೇ: 'ಮಂಗನ ಕಾಯಿಲೆನಾ?' ಅಲ್ಲ. ಕ್ಯಾಸನೂರಿನ ಆ ಕಾಯಿಲೆ ಉಣ್ಣೆ ಕಚ್ಚಿ ಬರುವಂಥದ್ದು. ನನ್ನ ಕೆಲಸ ರೆಟ್ರೊವೈರಸ್‌ಗಳದ್ದು, ಎಚ್‌ಐವಿಯ ನೆಂಟರದ್ದು. ಪ್ರಯೋಗಕ್ಕಾಗಿ ಯಾರೂ ಚುಚ್ಚಿದ್ದಲ್ಲ. ಒಟ್ಟಿಗೆ ಬದುಕುವ ಕೋತಿಗಳಲ್ಲಿ ತಾನಾಗಿ ಹರಡುವಂಥವು.

1978ರಲ್ಲಿ ಭಾರತ ರೀಸಸ್ ಕೋತಿಗಳ ರಫ್ತು ನಿಲ್ಲಿಸಿತು. ಅಲ್ಲಿಂದ ಮುಂದೆ ಅಮೆರಿಕದ ಕೇಂದ್ರಗಳು ತಮ್ಮಲ್ಲೇ ಹುಟ್ಟುವ ಮರಿಗಳನ್ನು ಜಾಸ್ತಿ ನೆಚ್ಚಿಕೊಳ್ಳಬೇಕಾಯಿತು. 1980ರ ದಶಕದ ಮೊದಲಲ್ಲಿ ಕ್ಯಾಲಿಫೋರ್ನಿಯಾದ ದೊಡ್ಡ ಆವರಣಗಳಲ್ಲಿ ಕೋತಿಗಳು ಭೇದಿ, ರಕ್ತಹೀನತೆ, ತೂಕ ಇಳಿತದಿಂದ ಸಾಯತೊಡಗಿದವು. ಏಡ್ಸ್ ಸುದ್ದಿ ಹಬ್ಬುತ್ತಿದ್ದ ಕಾಲ ಅದು. 1984ರಲ್ಲಿ ಕಾರಣ ಗೊತ್ತಾಯಿತು: ಡಿ ಮಾದರಿಯ ಸಿಮಿಯನ್ ರೆಟ್ರೊವೈರಸ್, ನಾವು ಕರೆಯುವುದು ಎಸ್‌ಆರ್‌ವಿ ಅಂತ. ಎಚ್‌ಐವಿಯದ್ದು ಬೇರೆ ಕವಲು, ಆದರೆ ಕೋತಿಯ ಪಾಡು ಹೆಚ್ಚುಕಡಿಮೆ ಅದೇ.

ಇದು ಮುಖ್ಯವಾಗಿ ಹರಡುವುದು ಜೊಲ್ಲಿನಿಂದ, ಕಚ್ಚಾಟದಲ್ಲಿ. ನಮ್ಮ ಕೆಲಸ ಸೋಂಕಿರುವ ಕೋತಿಯನ್ನು ಗುರುತಿಸಿ ಗುಂಪಿನಿಂದ ಬೇರೆ ಮಾಡುವುದು. ಕೇಳಲು ಸುಲಭ, ಅಲ್ವಾ? ಯಾವ ಕೋತಿಗೆ ಸೋಂಕಿದೆ ಅನ್ನುವುದೇ ಇಲ್ಲಿ ಕಷ್ಟದ ಪ್ರಶ್ನೆ.

ಎಸ್‌ಆರ್‌ವಿ ತಗುಲಿದ ಕೋತಿಗಳೆಲ್ಲ ಒಂದೇ ದಾರಿ ಹಿಡಿಯುವುದಿಲ್ಲ. ಕೆಲವು ಬೇಗ ಒಳ್ಳೆಯ ಪ್ರತಿಕಾಯ ಕಟ್ಟುತ್ತವೆ. ಅವುಗಳ ರಕ್ತದಲ್ಲಿ ಆಮೇಲೆ ವೈರಸ್ ಹುಡುಕಿದರೂ ಸಿಗದೇ ಇರಬಹುದು. ಇನ್ನು ಕೆಲವು ಪ್ರತಿಕಾಯವನ್ನೇ ಕಟ್ಟುವುದಿಲ್ಲ. ಈ ವೈರಸ್ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ಟಿ ಕೋಶ, ಬಿ ಕೋಶ ಎರಡಕ್ಕೂ ನುಗ್ಗುತ್ತದೆ. ಪ್ರತಿಕಾಯ ತಯಾರಾಗಬೇಕಾದದ್ದೇ ಬಿ ಕೋಶಗಳ ಕಡೆಯಿಂದ. ಅಂಥ ಕೋತಿಯ ರಕ್ತದಲ್ಲೂ ಜೊಲ್ಲಿನಲ್ಲೂ ವೈರಸ್ ತುಂಬಿರುತ್ತದೆ, ಪ್ರತಿಕಾಯದ ರಿಪೋರ್ಟ್ ಮಾತ್ರ 'ನೆಗೆಟಿವ್'. ಕೆಲವು ನೋಡಲು ಗಟ್ಟಿಮುಟ್ಟಾಗಿಯೂ ಇರುತ್ತವೆ. ಗುಂಪಿಗೆ ಅಪಾಯ ಇವುಗಳಿಂದಲೇ.

ಹಾಗಾಗಿ ನಾನು ಒಂದೇ ಟೆಸ್ಟ್ ನಂಬುವುದಿಲ್ಲ. ಮೊದಲು ಎಲೈಸಾ, ಅಂದರೆ ರಕ್ತದಲ್ಲಿ ಪ್ರತಿಕಾಯ ಇದೆಯಾ ಅಂತ ನೋಡುವ ಟೆಸ್ಟ್. ಅನುಮಾನ ಬಂದರೆ ವೆಸ್ಟರ್ನ್ ಬ್ಲಾಟ್, ಪ್ರತಿಕಾಯ ವೈರಸ್ಸಿನ ಯಾವ ಪ್ರೋಟೀನಿಗೆ ಅಂಟುತ್ತದೆ ಅಂತ ಗೆರೆಗಳಲ್ಲಿ ತೋರಿಸುವ ಟೆಸ್ಟ್. ಅದರಲ್ಲಿ ವೈರಸ್ಸಿನ ಒಳತಿರುಳಿನ ಪ್ರೋಟೀನು, ಹೊರಕವಚದ ಪ್ರೋಟೀನು ಎರಡಕ್ಕೂ ಗೆರೆ ಮೂಡಿದರೆ ಪಾಸಿಟಿವ್. ಒಂದೇ ಗೆರೆ ಬಂದರೆ ತೀರ್ಪು ಕೊಡುವುದಿಲ್ಲ, ಮತ್ತೆ ರಕ್ತ ತೆಗೆಯುತ್ತೇವೆ. ಇದರ ಜೊತೆಗೆ ಬಿಳಿ ರಕ್ತಕಣಗಳಲ್ಲಿ ವೈರಸ್ಸಿನ ಡಿಎನ್‌ಎ ಹುಡುಕುವ ಪಿಸಿಆರ್ ಬೇಕೇ ಬೇಕು. ಹಿಂದೆ ರಕ್ತಕಣಗಳನ್ನು ರಾಜಿ ಅನ್ನುವ ಮನುಷ್ಯ ಜೀವಕೋಶಗಳ ಜೊತೆ ಬೆಳೆಸಿ ನೋಡುತ್ತಿದ್ದರು. ವೈರಸ್ ಇದ್ದರೆ ಕೋಶಗಳು ಒಂದರೊಳಗೊಂದು ಸೇರಿ ದೊಡ್ಡ ಮುದ್ದೆಯಾಗುತ್ತವೆ. ನಿಧಾನದ ಕೆಲಸ, ಆದರೆ ಜೀವಂತ ವೈರಸ್ ಇದೆ ಅನ್ನಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಬೇರೆ ವೈರಸ್‌ಗಳಿಗೆ ಈ ಲೆಕ್ಕ ನಡೆಯುವುದಿಲ್ಲ. ಎಸ್‌ಟಿಎಲ್‌ವಿ ಅಂತ ಕೋತಿಗಳ ಇನ್ನೊಂದು ರೆಟ್ರೊವೈರಸ್ ಇದೆ, ಅದರಲ್ಲಿ ದೊಡ್ಡ ಕೋತಿಗೆ ಪ್ರತಿಕಾಯ ಇದೆ ಅಂದರೆ ವೈರಸ್ಸೂ ಇದೆ, ಜೀವನಪೂರ್ತಿ ಇರುತ್ತದೆ. ಫೋಮಿ ವೈರಸ್ ಅನ್ನುವ ಮತ್ತೊಂದು ರೆಟ್ರೊವೈರಸ್ಸಂತೂ ಸಾಕಿದ ದೊಡ್ಡ ಕೋತಿಗಳಲ್ಲಿ ಹೆಚ್ಚುಕಡಿಮೆ ಎಲ್ಲದರಲ್ಲೂ ಇರುತ್ತದೆ. ಪ್ರತಿಕಾಯವೂ ಇರುತ್ತದೆ, ವೈರಸ್ಸೂ ಇರುತ್ತದೆ, ಕಾಯಿಲೆ ಮಾತ್ರ ಕಾಣುವುದಿಲ್ಲ. ಇನ್ನು ಎಚ್‌ಐವಿಗೆ ತೀರಾ ಹತ್ತಿರದ ಕೋತಿ ವೈರಸ್ ಎಸ್‌ಐವಿ, ಆಫ್ರಿಕಾದ ಸೂಟಿ ಮ್ಯಾಂಗಬಿ ಅನ್ನುವ ಕೋತಿಯ ರಕ್ತದಲ್ಲಿ ಧಾರಾಳವಾಗಿದ್ದರೂ ಆ ಕೋತಿ ಸಾಮಾನ್ಯವಾಗಿ ಆರಾಮಾಗಿರುತ್ತದೆ. ಅದರ ರೋಗನಿರೋಧಕ ವ್ಯವಸ್ಥೆ ಶುರುವಿನಲ್ಲಿ ಎಚ್ಚೆತ್ತು ಆಮೇಲೆ ತಣ್ಣಗಾಗುತ್ತದೆ. ಅದೇ ವೈರಸ್ ರೀಸಸ್‌ಗೆ ದಾಟಿದಾಗ ಏಡ್ಸ್ ತಂದಿತು.

ರಕ್ತ ತೆಗೆಯುವ ದಿನ ನಮ್ಮ ಭಯ ಇನ್ನೊಂದು ವೈರಸ್‌ದು. ಅದು ಹರ್ಪಿಸ್ ಬಿ, ರೆಟ್ರೊವೈರಸ್ ಅಲ್ಲವೇ ಅಲ್ಲ. ಕೋತಿಗೆ ಬಾಯಿಹುಣ್ಣು ತರುವಷ್ಟರದ್ದು, ಮನುಷ್ಯನ ಮೆದುಳಿಗೆ ಹೋದರೆ ಕೊಲ್ಲುತ್ತದೆ. 1997ರಲ್ಲಿ ಅಮೆರಿಕದಲ್ಲಿ ಕೋತಿಗಳ ಜೊತೆ ಕೆಲಸ ಮಾಡುತ್ತಿದ್ದ ಯುವತಿಯೊಬ್ಬಳ ಕಣ್ಣಿಗೆ ಹನಿ ಸಿಡಿದು ಅವಳು ತೀರಿಕೊಂಡಳು. ಅದಕ್ಕೇ ಮುಖಕ್ಕೆ ಶೀಲ್ಡ್ ಇಲ್ಲದೆ ಯಾರೂ ಒಳಗೆ ಹೋಗುವಂತಿಲ್ಲ. ಕೇಜಿನ ಹಿಂಗೋಡೆ ಎಳೆದು ಕೋತಿಯನ್ನು ಮುಂದೆ ತರುತ್ತೇವೆ, ಕೆಟಮಿನ್ ಕೊಟ್ಟು ಮಲಗಿಸುತ್ತೇವೆ, ತೊಡೆಯ ಸಂದಿನ ರಕ್ತನಾಳದಿಂದ ರಕ್ತ ಎಳೆಯುತ್ತೇವೆ.

ಲ್ಯಾಬಿನ ಕೆಲಸಕ್ಕಿಂತ ತಲೆಬಿಸಿ ಮಾಡುವುದು ಗುಂಪಿನ ರಾಜಕೀಯ. ರೀಸಸ್ ಗುಂಪು ನಿಂತಿರುವುದು ತಾಯಂದಿರ ವಂಶದ ಮೇಲೆ. ಮೇಲಿನ ವಂಶದ ಹಿರಿಯ ಹೆಣ್ಣು ಪಾಸಿಟಿವ್ ಬಂತು, ತೆಗೆದೆವು ಅಂತಿಟ್ಟುಕೊಳ್ಳಿ. ಕೆಳಗಿನ ವಂಶದವು ಒಟ್ಟಾಗಿ ಅವಳ ಮಕ್ಕಳ ಮೇಲೆ ಬೀಳಬಹುದು. ಜಗಳ ಅಂದರೆ ಕಚ್ಚಾಟ, ಕಚ್ಚಾಟ ಅಂದರೆ ಜೊಲ್ಲು. ವೈರಸ್ ತಡೆಯಲು ಮಾಡಿದ ಕೆಲಸವೇ ವೈರಸ್‌ಗೆ ದಾರಿ ಮಾಡಿಕೊಡುತ್ತದೆ. ಅದಕ್ಕೆ ನಾನು ಅಂಥ ಹೆಣ್ಣನ್ನು ಒಂಟಿಯಾಗಿ ತೆಗೆಯಲು ಒಪ್ಪುವುದಿಲ್ಲ. ಅವಳ ಹತ್ತಿರದ ಹೆಣ್ಣುಮಕ್ಕಳನ್ನೂ ಜೊತೆಗೇ ಬೇರೆ ಮಾಡುತ್ತೇವೆ. ಜಾಗ, ಖರ್ಚು ಜಾಸ್ತಿ ಅಂತ ಮೇಲಿನವರು ಗೊಣಗುತ್ತಾರೆ. ಗೊಣಗಲಿ.

ಮರಿಗಳ ವಿಷಯದಲ್ಲಿ ಅವಸರ ಬೇಡ. ತಾಯಿಯಿಂದ ಬಂದ ಪ್ರತಿಕಾಯ ಮರಿಯ ರಕ್ತದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಅದು ಕರಗುವ ತನಕ ಪ್ರತಿಕಾಯದ ರಿಪೋರ್ಟ್ ಮರಿಯ ಬಗ್ಗೆ ಏನೂ ಹೇಳುವುದಿಲ್ಲ, ಪಿಸಿಆರ್ ಒಂದೇ ಆಸರೆ. ಹೊಸದಾಗಿ ಬಂದ ಕೋತಿಯನ್ನೂ ಒಂದು ನೆಗೆಟಿವ್ ನೋಡಿ ಗುಂಪಿಗೆ ಬಿಡುವುದಿಲ್ಲ. ತಿಂಗಳುಗಳ ಅಂತರದಲ್ಲಿ ಮತ್ತೆ ಮತ್ತೆ ನೋಡಿ, ಪ್ರತಿಕಾಯದ್ದು, ಪಿಸಿಆರ್ ಎರಡೂ ಟೆಸ್ಟ್ ಪ್ರತಿ ಸಲ ಸ್ವಚ್ಛ ಬಂದ ಮೇಲೇ ಬಾಗಿಲು ತೆಗೆಯುವುದು.

ನಮಗೂ ಅಂಟುತ್ತದಾ? ಕೋತಿಗಳ ಜೊತೆ ಕೆಲಸ ಮಾಡುವ ಬೆರಳೆಣಿಕೆಯ ಮಂದಿಯಲ್ಲಿ ಎಸ್‌ಆರ್‌ವಿ ಪ್ರತಿಕಾಯ ಸಿಕ್ಕಿದೆ. ಫೋಮಿ ವೈರಸ್ ಅಂಟಿಸಿಕೊಂಡವರೂ ಇದ್ದಾರೆ. ಅವರಲ್ಲಿ ಇವುಗಳಿಂದ ಕಾಯಿಲೆ ಬಂದದ್ದು ಕಂಡಿಲ್ಲ. ಆದರೂ ಕೆಲಸಕ್ಕೆ ಸೇರುವವರ ಸೀರಮ್ (ರಕ್ತದ ತಿಳಿ ಭಾಗ) ಮೊದಲೇ ತೆಗೆದು ಫ್ರೀಜರ್‌ನಲ್ಲಿ ಇಡುತ್ತೇವೆ. ಮುಂದೆ ಯಾವತ್ತಾದರೂ ಕೋತಿ ಕಚ್ಚಿದರೆ ಹೋಲಿಸಿ ನೋಡಲು ಬೇಕಾಗುತ್ತದೆ.